ಕೆಂಪು ಬೀಜದ ಧೂಳನ್ನ ತೂಗಿದ ಕಥೆ

 

ಇವತ್ತಿನ ಕಥೆ ಜರ್ಮನಿಯದು. ಆದ್ರೆ ನನಗೆ ಅದು ಶುರುವಾಗೋದು ಹಾವೇರಿ ಜಿಲ್ಲೆಯ ನಮ್ಮೂರಿನ ಹೊಲದಲ್ಲಿ. ನಾನು ಪ್ರೈಮರಿ ಸ್ಕೂಲಲ್ಲಿದ್ದೆ. ಜೂನ್‌ನಲ್ಲಿ ಹದ ಮಳೆ ಬಿದ್ದ ಮೇಲೆ ಗೋವಿನಜೋಳದ ಬಿತ್ತನೆ. (ಬೇರೆ ಕಡೆ ಮೆಕ್ಕೆಜೋಳ, ಮುಸುಕಿನ ಜೋಳ ಅಂತೀರಲ್ಲ, ಅದೇ.) ಅಜ್ಜ ಕಂಪನಿ ಬೀಜದ ಚೀಲ ಬಿಚ್ಚಿದ್ರೆ ಒಳಗೆ ಬೀಜ ಹಳದಿ ಇರ್ತಿರಲಿಲ್ಲ, ಕುಂಕುಮ ಕಲಸಿದ ಹಾಗೆ ಕೆಂಪಗಿರ್ತಿತ್ತು. ಬಿತ್ತಿ ಮುಗಿಸಿದ ಮೇಲೆ ಅಜ್ಜನ ಅಂಗೈ ಕೂಡ ಕೆಂಪು. ಖಾಲಿ ಚೀಲ ತಲೆಕೆಳಗು ಮಾಡಿ ಬದುವಿನ ಮೇಲೆ ಕೊಡವಿದ್ರೆ ಒಂದು ಸಣ್ಣ ಕೆಂಪು ಮೋಡ ಎದ್ದು ಗಾಳಿಗೆ ಹೋಗ್ತಿತ್ತು. ನಮಗೆ ಅದು ಆಟ, ಓಕುಳಿ ಇದ್ದ ಹಾಗೆ. ಅಜ್ಜಿ ಮಾತ್ರ ದೂರದಿಂದ ಕೂಗೋಳು: "ಅದನ್ನ ಮುಟ್ಟಬ್ಯಾಡ್ರೋ, ಎಣ್ಣಿ ಐತಿ ಅದರಾಗ. ಮೊದಲ ಕೈ ತೊಳಕೊಂಡ್ ಬರ್ರಿ."

ಎಣ್ಣೆ ಅಂದ್ರೆ ಕೀಟನಾಶಕ, ನಮ್ ಕಡೆ ಎಲ್ಲರೂ ಹಾಗೇ ಅನ್ನೋದು. ಕೃಷಿ ಇಲಾಖೆಯ ಭಾಷೆಯಲ್ಲಿ ಇದಕ್ಕೆ ಬೀಜೋಪಚಾರ ಅಂತಾರೆ: ಬಿತ್ತೋ ಮೊದಲೇ ಬೀಜಕ್ಕೆ ಔಷಧಿ ಲೇಪಿಸೋದು. ಬಣ್ಣ ಯಾಕಪ್ಪಾ ಅಂದ್ರೆ, ಅದು ತಿನ್ನೋ ಕಾಳಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಲಿ ಅಂತ.

ಆ ಕೆಂಪು ಮೋಡ ಎಲ್ಲಿಗೆ ಹೋಯ್ತು, ಅದರಲ್ಲಿ ಎಷ್ಟು ವಿಷ ಇತ್ತು ಅಂತ ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಯುರೋಪಿನಲ್ಲೂ ತುಂಬಾ ಕಾಲ ಹೆಚ್ಚು ಜನ ಕೇಳಿರಲಿಲ್ಲ. ಆಮೇಲೆ 2008 ಬಂತು.

ಜರ್ಮನಿಯ ನೈರುತ್ಯ ಮೂಲೆಯಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್ ಅಂತ ಒಂದು ರಾಜ್ಯ. ಅಲ್ಲಿ ರೈನ್ ನದಿಯ ಕಣಿವೆ: ಒಂದು ಕಡೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು, ಇನ್ನೊಂದು ಕಡೆ ನದಿ, ನದಿ ದಾಟಿದ್ರೆ ಫ್ರಾನ್ಸ್. ಕಣಿವೆ ತುಂಬ ಮೆಕ್ಕೆಜೋಳ. ಪಕ್ಕದಲ್ಲೇ ಹಣ್ಣಿನ ತೋಟಗಳು, ಸಾಸಿವೆಯ ನೆಂಟ ಅನ್ನಬಹುದಾದ ರೇಪ್ ಬೆಳೆಯ ಹಳದಿ ಹೂವಿನ ಹೊಲಗಳು. ಜೇನು ಸಾಕೋರಿಗೆ ಒಳ್ಳೇ ಜಾಗ.

ಆ ವರ್ಷ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳಲ್ಲಿ ಜೇನುಪೆಟ್ಟಿಗೆಗಳ ಮುಂದೆ ನೊಣಗಳು ರಾಶಿ ಬೀಳೋಕೆ ಶುರುವಾಯ್ತು. ಕೆಲವು ಸತ್ತಿದ್ವು, ಇನ್ನು ಕೆಲವು ನೆಲದ ಮೇಲೆ ನಡುಗ್ತಾ ಸುತ್ತು ಹೊಡೀತಿದ್ವು. ಒಬ್ಬಿಬ್ಬರ ಪೆಟ್ಟಿಗೆ ಅಲ್ಲ. ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 700 ಜೇನು ಸಾಕಣೆದಾರರ 11,500ಕ್ಕೂ ಹೆಚ್ಚು ಕುಟುಂಬಗಳಿಗೆ ಏಟು ಬಿದ್ದಿತ್ತು. ಒಂದು ಕುಟುಂಬ ಅಂದ್ರೆ ಆ ಋತುವಿನಲ್ಲಿ ಹತ್ತಾರು ಸಾವಿರ ನೊಣ.

ಜೇನು ಸಾಕೋರು ಸತ್ತ ನೊಣಗಳನ್ನ ಪೊಟ್ಟಣ ಕಟ್ಟಿ ಬ್ರೌನ್‌ಶ್ವೈಗ್ ನಗರಕ್ಕೆ ಕಳಿಸಿದ್ರು. ಜೇನುನೊಣಕ್ಕೆ ವಿಷ ಬಿದ್ದಿದೆಯಾ ಅಂತ ಪರೀಕ್ಷೆ ಮಾಡೋಕೆ ಅಂತಲೇ ಅಲ್ಲಿ ಒಂದು ಸರ್ಕಾರಿ ಪ್ರಯೋಗಾಲಯ ಇದೆ. ಯೂಲಿಯಸ್ ಕ್ಯೂನ್ ಸಂಸ್ಥೆಗೆ ಸೇರಿದ್ದು. ಆ ಸಂಸ್ಥೆ ಆ ಹೆಸರಲ್ಲಿ ಶುರುವಾಗಿದ್ದೇ 2008ರ ಜನವರಿಯಲ್ಲಿ, ಹಳೇ ಸಂಸ್ಥೆಗಳನ್ನ ಕೂಡಿಸಿ. ಬೋರ್ಡ್ ಬದಲಾಯಿಸಿ ನಾಲ್ಕು ತಿಂಗಳಿಗೆ ಈ ಕೇಸು.

ನೊಣಗಳ ಮೈಯಲ್ಲಿ ಸಿಕ್ಕಿದ್ದು ಕ್ಲೋಥಿಯಾನಿಡಿನ್. ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ, ತಂಬಾಕಿನ ನಿಕೋಟಿನ್ ಥರ ಕೀಟದ ನರಕ್ಕೆ ಹೋಗಿ ಕೂರೋ ರಾಸಾಯನಿಕ. ಬಾಯರ್ ಕಂಪನಿಯ ಪೊಂಚೊ ಅನ್ನೋ ಹೆಸರಲ್ಲಿ ಮೆಕ್ಕೆಜೋಳದ ಬೀಜಕ್ಕೆ ಲೇಪಿಸ್ತಿದ್ರು.

ಇಲ್ಲೇ ಗಂಟು ಬಿದ್ದಿದ್ದು. ಪೊಂಚೊವನ್ನ ಯಾರೂ ಸಿಂಪಡಿಸ್ತಿರಲಿಲ್ಲ. ಬೀಜಕ್ಕೆ ಅಂಟಿಸಿದ ಔಷಧಿ ಬೀಜದ ಜೊತೆ ಮಣ್ಣೊಳಗೆ ಹೋಗುತ್ತೆ, ಮೇಲೆ ಹಾರೋ ಜೇನಿಗೆ ಅದು ಹೇಗೆ ತಗುಲೀತು? ಬೀಜೋಪಚಾರವನ್ನ ಸಿಂಪಡಣೆಗಿಂತ ಸುರಕ್ಷಿತ ಅಂತ ಎಲ್ಲರೂ ಒಪ್ಪಿಕೊಂಡಿದ್ದೇ ಈ ತರ್ಕದ ಮೇಲೆ. ತರ್ಕ ದಡ್ಡತನದ್ದೇನಲ್ಲ. ಇಡೀ ಹೊಲಕ್ಕೆ ಔಷಧಿ ಹೊಡೆಯೋದಕ್ಕಿಂತ ಬೀಜಕ್ಕಷ್ಟೇ ಹಚ್ಚೋದು ವಾಸಿ ಅಂತ ನನಗೂ ಅನಿಸುತ್ತೆ.

ಫ್ರಾನ್ಸಿನಲ್ಲಿ 1990ರ ದಶಕದಲ್ಲೇ ಒಂದು ದೊಡ್ಡ ಜಗಳ ಆಗಿತ್ತು, ಅದೂ ನಿಜ. ಸೂರ್ಯಕಾಂತಿ ಬೀಜಕ್ಕೆ ಹಚ್ಚೋ ಗೌಚೊ, ಅಂದ್ರೆ ಇಮಿಡಾಕ್ಲೋಪ್ರಿಡ್, ಜೇನನ್ನ ಕೊಲ್ತಿದೆ ಅಂತ ಅಲ್ಲಿನ ಜೇನು ಸಾಕೋರು ಬೀದಿಗಿಳಿದಿದ್ರು. 1999ರಲ್ಲಿ ಸೂರ್ಯಕಾಂತಿಯ ಮೇಲೆ ಅದನ್ನ ನಿಲ್ಲಿಸಿದ್ರು. ಆದ್ರೆ ಆ ಚರ್ಚೆ ಹೆಚ್ಚಾಗಿ ಗಿಡದ ಒಳಗಿನದ್ದು: ಬೀಜದ ಔಷಧಿ ಬೇರಿನಿಂದ ಮೇಲೇರಿ ಹೂವಿನ ಮಕರಂದಕ್ಕೆ, ಪರಾಗಕ್ಕೆ ಬರುತ್ತಾ? ಬಂದ್ರೆ ಎಷ್ಟು? ಎಲ್ಲರ ಕಣ್ಣು ಗಿಡದ ಮೇಲಿತ್ತು. ಬಿತ್ತೋ ಮಷಿನ್ ಕಡೆ ತಿರುಗಿ ನೋಡಿದೋರು ಕಡಿಮೆ.

ನೋಡಿದೋರು ಇದ್ರು. ಇಟಲಿಯ ಈಶಾನ್ಯದಲ್ಲಿ, ಊದಿನೆ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು. ಅವರ ಕಡೆಯೂ ಮೆಕ್ಕೆಜೋಳ ಬಿತ್ತೋ ದಿನಗಳಲ್ಲೇ ಜೇನು ಸಾಯ್ತಿತ್ತು. ಅವರು ಮಾಡಿದ್ದು ಎಷ್ಟು ಸರಳ ಅಂದ್ರೆ ನಗು ಬರುತ್ತೆ. ಬಿತ್ತೋ ಮಷಿನ್‌ನ ಫ್ಯಾನಿನಿಂದ ಗಾಳಿ ಹೊರಗೆ ಬರೋ ಬಾಯಿಗೆ ಫಿಲ್ಟರ್ ಕಾಗದ ಕಟ್ಟಿದ್ರು. ಬಿತ್ತಿ ಮುಗಿದ ಮೇಲೆ ಕಾಗದ ಬಿಚ್ಚಿ ಲ್ಯಾಬಿಗೆ ಒಯ್ದು ನೋಡಿದ್ರೆ ಅದರಲ್ಲಿ ಇಮಿಡಾಕ್ಲೋಪ್ರಿಡ್. 2003ರಲ್ಲಿ ಅದನ್ನ ಪ್ರಕಟಿಸಿದ್ರು. 2006ರಲ್ಲಿ ಇನ್ನೊಂದು ಲೇಖನ: ಬಿತ್ತಿದ ಹೊಲದ ಅಂಚಿನ ಹುಲ್ಲು, ಹೂವಿನ ಮೇಲೂ ಅದೇ ಔಷಧಿ. ಅಂದ್ರೆ ಜರ್ಮನಿಯ ಆ ಮೇ ತಿಂಗಳಿಗೆ ಐದು ವರ್ಷ ಮೊದಲೇ ಈ ವಿಷಯ ಅಚ್ಚಾಗಿತ್ತು. ಈ ಕಥೆಯಲ್ಲಿ ನನಗೆ ಹೆಚ್ಚು ಚುಚ್ಚೋ ಜಾಗ ಇದೇ.

ಫ್ಯಾನ್ ಯಾಕೆ ಇತ್ತು ಅಲ್ಲಿ? ನಮ್ಮ ಕೂರಿಗೆಯಲ್ಲಿ ಫ್ಯಾನ್ ಇಲ್ಲ. ಹಿಂದೆ ನಡೆಯೋರು ಮುಷ್ಟಿಯಿಂದ ಕಾಳು ಬಿಡ್ತಾರೆ, ಅದು ಕೊಳವೆಯಲ್ಲಿ ಜಾರಿ ಸಾಲಿಗೆ ಬೀಳುತ್ತೆ. ಯುರೋಪಿನ ಮೆಕ್ಕೆಜೋಳದ ಮಷಿನ್ ಬೇರೆ. ಅದರಲ್ಲಿ ಸುತ್ತಲೂ ತೂತುಗಳಿರೋ ಒಂದು ತಟ್ಟೆ ತಿರುಗ್ತಿರುತ್ತೆ. ಫ್ಯಾನು ಹಿಂದಿನಿಂದ ಗಾಳಿ ಎಳೆಯುತ್ತೆ, ಒಂದೊಂದು ತೂತಿಗೆ ಒಂದೊಂದು ಬೀಜ ಕಚ್ಕೊಳ್ಳುತ್ತೆ. ತಟ್ಟೆ ಕೆಳಗೆ ಬಂದಾಗ ಎಳೆತ ತಪ್ಪಿ ಬೀಜ ಸರಿಯಾದ ಅಂತರದಲ್ಲಿ ಮಣ್ಣಿಗೆ. ಚೆಂದದ ಮಷಿನ್. ಆದ್ರೆ ಎಳೆದ ಗಾಳಿ ಎಲ್ಲೋ ಹೊರಗೆ ಹೋಗಲೇಬೇಕಲ್ಲ? ಬೀಜಕ್ಕೆ ಬೀಜ ಉಜ್ಜಿ ಉದುರಿದ ಪುಡಿಯನ್ನೂ ಹೊತ್ತುಕೊಂಡು ಅದು ಹೊರಗೆ ಬರೋದು. ಬಹಳಷ್ಟು ಮಷಿನ್‌ಗಳಲ್ಲಿ ಆ ಬಾಯಿ ಮೇಲಕ್ಕೋ ಪಕ್ಕಕ್ಕೋ ತೆರೆದಿತ್ತು. ಎಂಜಿನಿಯರಿಗೆ ಅದು ಬರೀ ಬೇಡವಾದ ಗಾಳಿ.

ಈಗ ಮತ್ತೆ 2008ಕ್ಕೆ. ಆ ವರ್ಷವೇ ಯಾಕೆ ಅಷ್ಟು ಕೆಟ್ಟದಾಯ್ತು? ನಾಲ್ಕೈದು ಸಂಗತಿ ಒಂದೇ ವಾರದಲ್ಲಿ ಒಟ್ಟಿಗೆ ಬಂದ್ವು. ಮೆಕ್ಕೆಜೋಳದ ಬೇರು ತಿನ್ನೋ ಒಂದು ಅಮೆರಿಕನ್ ಕೀಟ ಹಿಂದಿನ ವರ್ಷ ತಾನೇ ಆ ರಾಜ್ಯದಲ್ಲಿ ಕಾಣಿಸಿಕೊಂಡಿತ್ತು. 1992ರಲ್ಲಿ ಬೆಲ್‌ಗ್ರೇಡ್ ವಿಮಾನ ನಿಲ್ದಾಣದ ಹತ್ತಿರ ಮೊದಲು ಸಿಕ್ಕಿ, ಅಲ್ಲಿಂದ ಯುರೋಪ್ ಸುತ್ತಿದ ಹುಳ ಅದು. ಅದನ್ನ ತಡೀಬೇಕು ಅಂತ ಬೀಜಕ್ಕೆ ಹೆಚ್ಚಿನ ಡೋಸ್ ಹಚ್ಚಿದ್ರು: ಒಂದು ಬೀಜಕ್ಕೆ 1.25 ಮಿಲಿಗ್ರಾಂ ಕ್ಲೋಥಿಯಾನಿಡಿನ್. ಕೆಲವು ಬೀಜದ ಲಾಟ್‌ಗಳಲ್ಲಿ ಔಷಧಿ ಸರಿಯಾಗಿ ಅಂಟಿರಲಿಲ್ಲ, ಲೇಪವನ್ನ ಹಿಡಿದಿಡೋ ಅಂಟು ಕಡಿಮೆಯಾಗಿತ್ತು. ಮಳೆಯಿಂದ ಬಿತ್ತನೆ ತಡವಾಗಿ ರೇಪ್ ಹೂವು, ಹಣ್ಣಿನ ಮರದ ಹೂವು ಬಿಟ್ಟಿರೋ ಹೊತ್ತಿಗೆ ಸರಿಯಾಗಿ ಬಂತು. ಬಿತ್ತೋ ದಿನಗಳಲ್ಲಿ ನೆಲ ಒಣಗಿತ್ತು, ಗಾಳಿ ಬೀಸ್ತಿತ್ತು.

1.25 ಮಿಲಿಗ್ರಾಂ ಅಂದ್ರೆ ಏನು ಮಹಾ ಅಂತ ನನಗೂ ಅನ್ನಿಸಿತ್ತು. ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಕ್ಲೋಥಿಯಾನಿಡಿನ್ ಮೈಗೆ ತಗುಲಿದಾಗ ನೂರರಲ್ಲಿ ಐವತ್ತು ಜೇನು ಸಾಯೋ ಪ್ರಮಾಣ ತಲಾ ಸುಮಾರು 44 ನ್ಯಾನೋಗ್ರಾಂ. ಹೊಟ್ಟೆಗೆ ಹೋದ್ರೆ ಸುಮಾರು 4 ಸಾಕು. ನ್ಯಾನೋಗ್ರಾಂ ಅಂದ್ರೆ ಒಂದು ಗ್ರಾಂನಲ್ಲಿ ನೂರು ಕೋಟಿಯ ಒಂದು ಪಾಲು. 1.25 ಮಿಲಿಗ್ರಾಂ ಅಂದ್ರೆ ಹನ್ನೆರಡೂವರೆ ಲಕ್ಷ ನ್ಯಾನೋಗ್ರಾಂ. ಅದನ್ನ 44ರಿಂದ ಭಾಗಿಸಿ. 28,000 ದಾಟುತ್ತೆ. ಒಂದು ಕಾಳು, ಅಷ್ಟು ಡೋಸ್. ಒಂದು ಹೆಕ್ಟೇರಿಗೆ, ಅಂದ್ರೆ ಎರಡೂವರೆ ಎಕರೆಗೆ, ಸುಮಾರು ಒಂದು ಲಕ್ಷ ಕಾಳು. ಅದರಲ್ಲಿ ಬಹುಪಾಲು ಮಣ್ಣಿಗೇ ಹೋಗುತ್ತೆ, ಸರಿ. ಆದ್ರೆ ಉದುರಿ ಹಾರೋ ಪಾಲು ಎಷ್ಟೇ ಸಣ್ಣದಾದ್ರೂ ಅದನ್ನ ಸಣ್ಣದು ಅಂತ ಕಣ್ಣಳತೆಯಲ್ಲಿ ಹೇಳಿಬಿಡೋಕೆ ಆಗಲ್ಲ. ತೂಗಬೇಕು.

ಮೇ ಮಧ್ಯದಲ್ಲಿ ಜರ್ಮನಿಯ ಫೆಡರಲ್ ಇಲಾಖೆ ಇಂಥ ಎಂಟು ಬೀಜೋಪಚಾರ ಉತ್ಪನ್ನಗಳ ಪರವಾನಗಿ ತಡೆಹಿಡೀತು. ಅಂಟು ಸರಿಯಾಗಿ ಹಾಕದೆ ಬೀಜ ಲೇಪಿಸಿದ್ದೇ ಕಾರಣ ಅಂತ ಕಂಪನಿ ಹೇಳ್ತು, ಜೇನು ಸಾಕೋರಿಗೆ ಸುಮಾರು 20 ಲಕ್ಷ ಯೂರೋ ಪರಿಹಾರ ಕೊಡ್ತು. ರೇಪ್ ಬೀಜದ ತಡೆಯನ್ನ ಜೂನ್ ಕೊನೆಗೆ ತೆಗೆದ್ರು. ಮೆಕ್ಕೆಜೋಳದ್ದು ಹಾಗೇ ಉಳೀತು, 2009ರ ಫೆಬ್ರವರಿಯಲ್ಲಿ ಪ್ರತ್ಯೇಕ ಆದೇಶವೇ ಬಂತು. ಇಟಲಿಯೂ 2008ರ ಸೆಪ್ಟೆಂಬರಿನಲ್ಲಿ ನಿಲ್ಲಿಸ್ತು.

ನನಗೆ ಹೆಚ್ಚು ಇಷ್ಟವಾದ ಭಾಗ ಈಗ ಬರೋದು: ಧೂಳನ್ನ ಅಳೆಯೋದು ಹೇಗೆ ಅಂತ ಕಲಿತ ವರ್ಷಗಳು.

ಮೊದಲು ಬೀಜದಿಂದ ಎಷ್ಟು ಧೂಳು ಉದುರುತ್ತೆ ಅನ್ನೋದು. ಇದಕ್ಕೆ ಬಳಸಿದ ಉಪಕರಣದ ಹೆಸರು ಹೊಯ್‌ಬಾಖ್ ಡಸ್ಟ್‌ಮೀಟರ್. ತಮಾಷೆ ಅಂದ್ರೆ, ಹೊಯ್‌ಬಾಖ್ ಅನ್ನೋದು ಪೇಂಟಿಗೆ ಹಾಕೋ ಬಣ್ಣದ ಪುಡಿ ತಯಾರಿಸೋ ಕಂಪನಿ. ಪುಡಿ ಎಷ್ಟು ಧೂಳೇಳುತ್ತೆ ಅಂತ ನೋಡೋ ಡಬ್ಬಿ, ಕೆಂಪು ಬೀಜಕ್ಕೆ ಬಂತು. ಕೆಲಸ ಹೀಗೆ: 100 ಗ್ರಾಂ ಬೀಜವನ್ನ ಒಂದು ಸಣ್ಣ ಡ್ರಮ್ಮಿಗೆ ಹಾಕ್ತಾರೆ. ಅದಕ್ಕೆ ಮೊದಲು ಬೀಜವನ್ನ ನಿಗದಿತ ತಾಪಮಾನ, ತೇವಾಂಶದಲ್ಲಿ ಇಟ್ಟಿರ್ತಾರೆ, ಯಾಕಂದ್ರೆ ಒದ್ದೆ ಬೀಜ ಕಡಿಮೆ ಉದುರಿಸುತ್ತೆ, ಫಲಿತಾಂಶ ಸುಳ್ಳಾಗುತ್ತೆ. ಡ್ರಮ್ಮು ನಿಮಿಷಕ್ಕೆ 30 ಸುತ್ತಿನ ಹಾಗೆ ಎರಡು ನಿಮಿಷ ತಿರುಗುತ್ತೆ, ನಿಮಿಷಕ್ಕೆ 20 ಲೀಟರ್ ಗಾಳಿ ಅದರ ಮೂಲಕ ಹೋಗುತ್ತೆ, ಹಾರಿದ ಧೂಳು ಫಿಲ್ಟರಿನ ಮೇಲೆ ಕೂರುತ್ತೆ. ಫಿಲ್ಟರನ್ನ ಮೊದಲು ತೂಗಿ, ಆಮೇಲೆ ತೂಗಿ, ಕಳೆದ್ರೆ ಉತ್ತರ. ಬೀಜ ಚೀಲದಿಂದ ಮಷಿನ್‌ವರೆಗೆ ತಿನ್ನೋ ಪೆಟ್ಟನ್ನೆಲ್ಲ ಎರಡು ನಿಮಿಷದಲ್ಲಿ ನಟಿಸಿ ತೋರಿಸೋ ಹಾಗೆ.

ಜರ್ಮನಿ ಮೆಕ್ಕೆಜೋಳಕ್ಕೆ ಮಿತಿ ಹಾಕ್ತು: ಒಂದು ಲಕ್ಷ ಬೀಜಕ್ಕೆ 0.75 ಗ್ರಾಂ ಧೂಳಿಗಿಂತ ಹೆಚ್ಚು ಉದುರಬಾರದು. ಒಂದು ಲಕ್ಷ ಬೀಜ ಸುಮಾರು 30 ಕಿಲೋ ತೂಗುತ್ತೆ ಅಂತ ಇಟ್ಕೊಳ್ಳಿ. ಡ್ರಮ್ಮಿನ 100 ಗ್ರಾಂಗೆ ಲೆಕ್ಕ ಹಾಕಿದ್ರೆ ಎರಡೂವರೆ ಮಿಲಿಗ್ರಾಂ.

ಈ ಎಪಿಸೋಡ್ ತಯಾರಿ ಮಾಡುವಾಗ ನಾನೂ ಒಂದು ಪೆದ್ದು ಕೆಲಸ ಮಾಡಿದೆ. ಊರಿಂದ ಬೀಜದ ಖಾಲಿ ಚೀಲ ತಂದು, ಮಾಸ್ಕು ಗ್ಲೌಸು ಹಾಕ್ಕೊಂಡು, ಬಾಲ್ಕನಿಯಲ್ಲಿ ಕಪ್ಪು ಕಾಗದದ ಮೇಲೆ ಕೊಡವಿದೆ. ಕಾಗದದ ಮೇಲೆ ಕೆಂಪು ಪುಡಿ ಸ್ಪಷ್ಟವಾಗಿ ಕಾಣ್ತಿತ್ತು. ಅದನ್ನ ಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟೆ, ಕಾಗದದ ತೂಕ ಮೊದಲೇ ಕಳೆದಿದ್ದೆ. ತಕ್ಕಡಿ ತೋರಿಸಿದ್ದು ಸೊನ್ನೆ. (ನೀವು ಮಾಡ್ಬೇಡಿ. ಆ ತಕ್ಕಡಿ ಈಗ ಅಡುಗೆಮನೆಗೆ ವಾಪಸ್ ಹೋಗಿಲ್ಲ, ಅಮ್ಮ ಬಿಟ್ಟಿಲ್ಲ.)

ತೂಕ ಒಂದೇ ಸಾಲದು ಅಂತ ಬ್ರೌನ್‌ಶ್ವೈಗಿನವರಿಗೆ ಬೇಗ ಗೊತ್ತಾಯ್ತು. ಧೂಳಿನಲ್ಲಿ ಬೀಜದ ಸಿಪ್ಪೆ, ಮಣ್ಣು, ಔಷಧಿ ಎಲ್ಲ ಇರುತ್ತೆ. ಎರಡು ಚೀಲದಿಂದ ಒಂದೇ ತೂಕದ ಧೂಳು ಬಂದ್ರೂ ಒಂದರಲ್ಲಿ ಔಷಧಿ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು. ಹಾಗಾಗಿ ಫಿಲ್ಟರನ್ನ ತೂಗಿದ ಮೇಲೆ ಅದರೊಳಗಿನ ರಾಸಾಯನಿಕವನ್ನೂ ಅಳೀಬೇಕು.

ಆಮೇಲೆ ಹೊಲ. ಹೊಲದಲ್ಲಿ ಅಳೆಯೋದು ಲ್ಯಾಬಿನಷ್ಟು ಸುಲಭ ಅಲ್ಲ. ಬಿತ್ತೋ ಜಾಗದ ಅಂಚಿನಿಂದ 1 ಮೀಟರ್, 3, 5, 10, ಹೀಗೆ ದೂರ ದೂರಕ್ಕೆ ನೆಲದ ಮೇಲೆ ಪೆಟ್ರಿ ತಟ್ಟೆಗಳನ್ನ ಇಡ್ತಾರೆ. ಕಾಲೇಜ್ ಲ್ಯಾಬಲ್ಲಿ ನೋಡಿರ್ತೀರಿ, ಅಂಗೈಯಗಲದ ಚಪ್ಪಟೆ ತಟ್ಟೆ. ಬಿದ್ದ ಧೂಳು ಮತ್ತೆ ಹಾರದ ಹಾಗೆ ಅದರಲ್ಲಿ ಸ್ವಲ್ಪ ದ್ರವ. ಟ್ರ್ಯಾಕ್ಟರ್ ಬಿತ್ತಿ ಹೋದ ಮೇಲೆ ತಟ್ಟೆ ಮುಚ್ಚಿ ಲ್ಯಾಬಿಗೆ. ಗಾಳಿ ಪೂರ್ವಕ್ಕೆ ಬೀಸುತ್ತೆ ಅಂತ ತಟ್ಟೆ ಇಟ್ಟಿರ್ತೀರಿ, ಅದು ಮಧ್ಯದಲ್ಲಿ ದಕ್ಷಿಣಕ್ಕೆ ತಿರುಗಿದ್ರೆ ದಿನವೆಲ್ಲ ವ್ಯರ್ಥ.

ಸಿಂಪಡಣೆಯ ಹನಿಗಳನ್ನ ಅಳೆಯೋಕೂ ಹೀಗೇ ನೆಲದ ಮೇಲೆ ತಟ್ಟೆ ಇಡೋದು ರೂಢಿ. ಧೂಳಿಗೂ ಅದೇ ಸಾಕು ಅಂತ ಬಿಟ್ಟಿದ್ರೆ ಕಥೆ ಬೇರೆ ಆಗ್ತಿತ್ತು. ಅವರು ಇನ್ನೊಂದು ಕೆಲಸ ಮಾಡಿದ್ರು: ತಟ್ಟೆಯ ಪಕ್ಕದಲ್ಲೇ ಗಾಳಿಗೆ ಎದುರಾಗಿ ತೆಳುವಾದ ಬಲೆಬಟ್ಟೆಯನ್ನ ಪರದೆ ಥರ ನಿಲ್ಲಿಸಿದ್ರು, ಧೂಳು ಅಂಟೋ ಹಾಗೆ ನೆನೆಸಿ. ಅದೇ ದೂರ, ಅದೇ ಗಾಳಿ, ಅದೇ ಮಷಿನ್. ನಿಂತ ಬಟ್ಟೆಯಲ್ಲಿ ಸಿಕ್ಕ ಔಷಧಿ, ಮಲಗಿದ ತಟ್ಟೆಯಲ್ಲಿ ಸಿಕ್ಕಿದ್ದಕ್ಕಿಂತ ಹಲವು ಪಟ್ಟು ಹೆಚ್ಚು.

ಯೋಚ್ನೆ ಮಾಡಿದ್ರೆ ಸಹಜ. ಸಣ್ಣ ಧೂಳು ಹನಿಯ ಥರ ಬೇಗ ಕೆಳಗೆ ಬೀಳಲ್ಲ, ಅಡ್ಡಡ್ಡ ಹೋಗ್ತಿರುತ್ತೆ. ನೆಲದ ತಟ್ಟೆಯ ಮೇಲಿಂದ ಹಾದು ಹೋಗುತ್ತೆ, ಎದುರಿಗೆ ಏನಾದ್ರೂ ನಿಂತಿದ್ರೆ ಅದಕ್ಕೆ ಬಡಿಯುತ್ತೆ. ಆಳೆತ್ತರ ಬೆಳೆದು ಹೂಬಿಟ್ಟು ನಿಂತ ರೇಪ್ ಗಿಡ ತಟ್ಟೆ ಥರ ಮಲಗಿರಲ್ಲ, ಬಲೆ ಥರ ನಿಂತಿರುತ್ತೆ. ಜೇನು ಬಂದು ಕೂರೋದು ಅದರ ಮೇಲೆಯೇ. ತಟ್ಟೆಯ ಅಂಕಿ ಹಿಡ್ಕೊಂಡು ಇಷ್ಟೇ ಅಪಾಯ ಅಂತ ಬರೆದಿದ್ರೆ, ಅಂಕಿ ನಿಜ, ತೀರ್ಮಾನ ಸುಳ್ಳು.

ಇಟಲಿಯ ಪಾದುವಾ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ತಟ್ಟೆ, ಬಟ್ಟೆ ಎಲ್ಲ ಬಿಟ್ಟು ಜೇನನ್ನೇ ಅಳತೆಗೋಲು ಮಾಡ್ಕೊಂಡ್ರು. ಸಕ್ಕರೆ ನೀರಿನ ಆಸೆಗೆ ನೊಣಗಳು ಬಿತ್ತನೆ ನಡೀತಿರೋ ಹೊಲದ ಮೇಲೆ ಹಾರಿ ಬರೋ ಹಾಗೆ ಮಾಡಿ, ಬಂದವನ್ನ ಹಿಡಿದು ಲ್ಯಾಬಲ್ಲಿ ಇಟ್ಟು ನೋಡಿದ್ರು. ಒಣ ಗಾಳಿಯಲ್ಲಿಟ್ಟ ನೊಣಗಳಿಗಿಂತ ತೇವದ ಗಾಳಿಯಲ್ಲಿಟ್ಟವು ತುಂಬಾ ಹೆಚ್ಚು ಸತ್ತವು. ಒಂದೇ ಧೂಳು, ಗಾಳಿಯ ತೇವ ಬೇರೆ ಅಷ್ಟೇ. ಇನ್ನೊಂದು ಪ್ರಯೋಗದಲ್ಲಿ ಪಂಜರದಲ್ಲಿಟ್ಟ ನೊಣಗಳನ್ನ ಮಷಿನ್ ಸುತ್ತ ಬೇರೆ ಬೇರೆ ದೂರದಲ್ಲಿ ಓಡಾಡಿಸಿ, ಬಿತ್ತೋ ಮಷಿನ್ ಸುಮಾರು 20 ಮೀಟರ್ ವ್ಯಾಸದ ವಿಷದ ಮೋಡವನ್ನ ಜೊತೆಗೇ ಎಳ್ಕೊಂಡು ಹೋಗುತ್ತೆ ಅಂತ ತೋರಿಸಿದ್ರು. ನೊಣಕ್ಕೆ ಆ ಮೋಡ ದಾಟೋಕೆ ಕೆಲವೇ ಕ್ಷಣ. ಅಷ್ಟು ಸಾಕಾಗ್ತಿತ್ತು.

ಪರಿಹಾರಗಳೂ ಬಂದ್ವು, ಹೇಳ್ದೇ ಇರಬಾರದು. ಫ್ಯಾನಿನ ಗಾಳಿಯನ್ನ ಪೈಪಿನಲ್ಲಿ ಕೆಳಗೆ ತಂದು ಮಣ್ಣಿನ ಹತ್ತಿರ ಬಿಡೋ ಡಿಫ್ಲೆಕ್ಟರ್‌ಗಳು. ಧೂಳಿನ ಹರಡುವಿಕೆಯನ್ನ ಕನಿಷ್ಠ 90% ಕಡಿಮೆ ಮಾಡೋ ಮಷಿನ್‌ಗಳ ಪಟ್ಟಿಯನ್ನ ಯೂಲಿಯಸ್ ಕ್ಯೂನ್ ಸಂಸ್ಥೆ ಇಡೋಕೆ ಶುರು ಮಾಡ್ತು. ಅಂಟುಗಳು ಸುಧಾರಿಸಿದ್ವು. ಬೀಟ್‌ರೂಟಿನ ನೆಂಟ ಸಕ್ಕರೆ ಗೆಡ್ಡೆಯ ಬೀಜವನ್ನ ಮೊದಲಿಂದಲೂ ಗುಳಿಗೆ ಥರ ಮಣ್ಣಿನ ಕವಚದಲ್ಲಿ ಸುತ್ತಿ ಮಾರ್ತಾರೆ, ಅದರಿಂದ ಧೂಳು ಬಹಳ ಕಡಿಮೆ. ಅಮೆರಿಕ, ಕೆನಡಾದಲ್ಲಿ ಬೇರೆಯದೇ ತಲೆನೋವು: ಬೀಜ ಮಷಿನ್‌ನಲ್ಲಿ ಸರಾಗವಾಗಿ ಜಾರಲಿ ಅಂತ ರೈತರು ಟಾಲ್ಕ್ ಪುಡಿ ಬೆರೆಸ್ತಿದ್ರು, ಮುಖಕ್ಕೆ ಹಚ್ಚೋ ಪೌಡರಿನ ಟಾಲ್ಕೇ. ಫ್ಯಾನಿನಿಂದ ಹೊರಬಿದ್ದ ಆ ಟಾಲ್ಕಿನಲ್ಲಿ ಕೀಟನಾಶಕ ತುಂಬಿಕೊಂಡಿರೋದನ್ನ ಪರ್ಡ್ಯೂ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ್ರು. ಅದೇ ವರ್ಷ ಕೆನಡಾದ ಒಂಟಾರಿಯೊದಲ್ಲಿ ಮೆಕ್ಕೆಜೋಳದ ಬಿತ್ತನೆ ಹೊತ್ತಿಗೆ ಜೇನು ಸಾವಿನ ದೂರುಗಳು ಸಾಲುಗಟ್ಟಿದ್ವು. ಆಮೇಲೆ ಅಲ್ಲಿ ಟಾಲ್ಕ್ ಬದಲು ಮೇಣದಂಥ ಪುಡಿ ಬಂತು.

ಯುರೋಪಿಯನ್ ಒಕ್ಕೂಟ 2013ರಲ್ಲಿ ಮೂರು ನಿಯೋನಿಕೋಟಿನಾಯ್ಡ್‌ಗಳಿಗೆ ಕಡಿವಾಣ ಹಾಕ್ತು, 2018ರಲ್ಲಿ ಬಯಲಲ್ಲಿ ಬಳಸೋದನ್ನೇ ನಿಲ್ಲಿಸ್ತು. ಆ ನಿರ್ಧಾರಕ್ಕೆ ಕಾರಣವಾದ ವರದಿಗಳಲ್ಲಿ ಮಕರಂದ, ಪರಾಗದ ಜೊತೆ ಧೂಳಿಗೂ ಒಂದು ಪ್ರತ್ಯೇಕ ಲೆಕ್ಕ ಇತ್ತು. ಕೆಲವು ದೇಶಗಳು ತುರ್ತು ಅನುಮತಿ ಅಂತ ಇಂಥ ಬೀಜ ಬಳಸ್ತಾ ಬಂದ್ವು. ಅದಕ್ಕೂ ಅವಕಾಶ ಇಲ್ಲ ಅಂತ 2023ರ ಜನವರಿಯಲ್ಲಿ ಯುರೋಪಿನ ನ್ಯಾಯಾಲಯ ಹೇಳ್ತು.

ಇಷ್ಟು ಓದಿ ಮುಗಿಸಿದ ಮೇಲೆ ನನಗೆ ಊರು ನೆನಪಾಯ್ತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಮೆಕ್ಕೆಜೋಳದಲ್ಲಿ ಒಂದು ಹೊಸ ಹುಳ ಕಂಡ್ರು. ಫಾಲ್ ಆರ್ಮಿವರ್ಮ್, ಸೈನಿಕ ಹುಳು. ಅದೂ ಅಮೆರಿಕದ್ದೇ, ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮಲ್ಲೇ. ಅದಾದ ಮೇಲೆ ಮೆಕ್ಕೆಜೋಳದ ಬೀಜೋಪಚಾರಕ್ಕೆ ಶಿಫಾರಸಾದ ಔಷಧಿಯಲ್ಲಿ ಸಯಾಂಟ್ರಾನಿಲಿಪ್ರೋಲ್ ಜೊತೆ ಥಯಾಮೆಥಾಕ್ಸಾಮ್ ಇದೆ. ಎರಡನೇದು ಯುರೋಪ್ ಬಯಲಲ್ಲಿ ನಿಲ್ಲಿಸಿದ ಮೂರರಲ್ಲಿ ಒಂದು. ಹುಳದ ಕಾಟ ನೋಡಿದೋರಿಗೆ ಔಷಧಿ ಬೇಡ ಅನ್ನೋ ಧೈರ್ಯ ಬರಲ್ಲ, ನನಗೂ ಇಲ್ಲ. ಸುಳಿಯೆಲ್ಲ ಜರಡಿ ಆಗಿ ನಿಂತ ಹೊಲವನ್ನ ಆ ವರ್ಷ ನಾನೂ ನೋಡಿದ್ದೀನಿ.

ಕೂರಿಗೆಗೆ ಫ್ಯಾನ್ ಇಲ್ಲ, ಆದ್ದರಿಂದ ಜರ್ಮನಿಯ ಅಂಕಿಗಳನ್ನ ತಂದು ನಮ್ಮೂರಿನ ಮೇಲೆ ಹಾಗೇ ಅಂಟಿಸೋದು ತಪ್ಪು. ನಮ್ಮಲ್ಲಿ ಧೂಳು ಮೊದಲು ಹತ್ತೋದು ಜೇನಿಗಲ್ಲ, ಬಿತ್ತೋರ ಕೈಗೆ, ಸೆರಗಿಗೆ, ಚೀಲ ಕೊಡವೋ ಮಕ್ಕಳಿಗೆ. ಆದ್ರೆ ಈಗ ಎಲ್ಲಾ ಕಡೆ ಕೂರಿಗೆಯೂ ಉಳಿದಿಲ್ಲ. ಹೋದ ಮುಂಗಾರಿಗೆ ನಮ್ಮ ಕಾಕಾ ಟ್ರ್ಯಾಕ್ಟರಿಗೆ ಕಟ್ಟೋ ಗಾಳಿ ಎಳೆಯೋ ಬಿತ್ತನೆ ಮಷಿನ್ ಬಾಡಿಗೆಗೆ ತಂದಿದ್ರು. ಈ ಎಪಿಸೋಡ್ ಬರೀತಾ ಇರುವಾಗ ಫೋನ್ ಮಾಡಿ ಕೇಳಿದೆ, "ಕಾಕಾ, ಅದರ ಫ್ಯಾನಿನ ಗಾಳಿ ಯಾವ ಕಡೆ ಬರ್ತದ?"

"ಅದ್ಯಾಕೋ ನಿನಗ?" ಅಂದ್ರು. ಆಮೇಲೆ, "ತಡಿ, ಮಷಿನ್ ಇಲ್ಲೇ ಪಕ್ಕದ ಹೊಲದಾಗ ಐತಿ, ನೋಡಿ ಹೇಳ್ತೀನಿ" ಅಂತ ಹೋದ್ರು. ಐದು ನಿಮಿಷಕ್ಕೆ ವಾಪಸ್ ಫೋನ್ ಬಂತು.

"ಮ್ಯಾಲಕ್ಕ ಐತಿ ನೋಡಪಾ. ಸೀದಾ ಮ್ಯಾಲಕ್ಕ."

ಮುಂದಿನ ವಾರ ಮತ್ತೆ ಸಿಗೋಣ.